ಅಳಿಯ ತಿದ್ದಿದ ಗಾಡಿ

"ಬುದ್ಧಿ, ದೊಡ್ಡವರ ಮನಸ್ಸಿಗೆ ನೋವಾಗುವಂಥ ಮಾತೊಂದು ನಮಗೆ ಗೊತ್ತಿದ್ದು, ಅದನ್ನು ಅವರಿಗೆ ಹೇಳದೆ ನುಂಗಿಕೊಂಡರೆ ಅದೂ ಭಕ್ತಿಯೇ ಅಲ್ಲವೇ?"

ಹೀಗೆ ಕೇಳಿದವನು ಮಠದ ಶಿಷ್ಯ ಷಡಕ್ಷರಿ. ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಸ್ವಾಮಿಗಳು ಜಗಲಿಯ ಮೇಲೆ ಕುಳಿತಿದ್ದರು. ಷಡಕ್ಷರಿ ಅವರ ಕಾವಿ ಬಟ್ಟೆಗಳನ್ನು ಮಡಿಸುತ್ತಿದ್ದ. ಪ್ರಶ್ನೆ ಕೇಳಿದವನೇ ತಲೆ ತಗ್ಗಿಸಿ, ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದ.

ಸ್ವಾಮಿಗಳಿಗೆ ಮೂಗಿನ ತುದಿಯಲ್ಲೇ ಕೋಪ. ಮಠಕ್ಕೆ ಬರುವ ಭಕ್ತರಿಗೆಲ್ಲ ಅದು ಗೊತ್ತಿತ್ತು. ಬೈಸಿಕೊಳ್ಳದೆ ಹಿಂದಿರುಗಿದ ದಿನ ಅವರಿಗೆ ಬಂದ ಕೆಲಸ ಅರ್ಧವೇ ಆದ ಹಾಗಿರುತ್ತಿತ್ತು.

"'ಅಲ್ಲವೇ' ಅಂತ ಕೇಳಿದರೆ ಉತ್ತರವನ್ನೂ ನೀನೇ ಕೊಟ್ಟುಕೊಂಡ ಹಾಗಾಯಿತಲ್ಲೋ" ಎಂದರು ಸ್ವಾಮಿಗಳು. "ನಾನು 'ಹೌದು ಮರಿ, ಅದೇ ಭಕ್ತಿ' ಅನ್ನಬೇಕು, ನೀನು ಹಾಯಾಗಿ ಹೋಗಿ ಮಲಗಬೇಕು. ಅಷ್ಟು ಸುಲಭಕ್ಕೆ ಬಿಟ್ಟೇನೇ? ಆ ಬಟ್ಟೆಯ ಜೀವ ತೆಗೆದದ್ದು ಸಾಕು, ಬಿಡು. ಇಲ್ಲಿ ಬಂದು ಕೂತ್ಕೋ. ಒಂದು ಗಾಡಿಯ ಕತೆ ಹೇಳುತ್ತೇನೆ."

"ಗಾಡಿಯ ಕತೆಯೇ ಬುದ್ಧಿ?"

"ಯಾಕೆ? ಪುರಾಣದಲ್ಲಿ ರಥ ಬಂದರೆ ಬಾಯಿ ಬಿಟ್ಟುಕೊಂಡು ಕೇಳುತ್ತೀಯ, ಡೀಸೆಲ್ ಕಾರು ಬಂದರೆ ಕೇಳುವುದಿಲ್ಲವೋ? ಸುಮ್ಮನೆ ಕೇಳು."

ಸ್ವಾಮಿಗಳು ಹೇಳತೊಡಗಿದರು.

ಘಾಟಿಯ ಕೆಳಗಿನ ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಈಗಲೂ ಇದ್ದಾನೆ, ಅದಕ್ಕೇ ಹೆಸರು ಹೇಳುವುದಿಲ್ಲ. ಅವನ ಹತ್ತಿರ ಒಂದು ಡೀಸೆಲ್ ಕಾರಿತ್ತು, ಹಳೆಯದು. ಘಾಟಿಯ ಮೇಲಿನ ಊರುಗಳ ಅಂಗಡಿಗಳಿಗೆ ಹೋಗಿ ಬರುವುದು ಅದರಲ್ಲೇ. ಆ ಕಾರಿನ ಸ್ಟೇರಿಂಗನ್ನು ಬೇರೆಯವರು ಮುಟ್ಟಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಭಾನುವಾರ ತಾನೇ ಬಕೆಟ್ ಹಿಡಿದು ತೊಳೆಯುತ್ತಿದ್ದ. ಹೆಂಡತಿ "ನನ್ನ ಕಡೆ ಯಾವತ್ತಾದರೂ ಹೀಗೆ ನೋಡಿದ್ದೀರಾ?" ಎಂದು ಚುಚ್ಚುತ್ತಿದ್ದಳು.

ಅವನಿಗೆ ಒಬ್ಬಳೇ ಮಗಳು. ಅವಳ ಹೆಸರನ್ನು ಮಾತ್ರ ಹೇಳುತ್ತೇನೆ, ಅದನ್ನು ಹೇಳದಿದ್ದರೆ ನನಗೆ ಕತೆ ಮುಂದೆ ಹೋಗುವುದಿಲ್ಲ. ದಾಕ್ಷಾಯಿಣಿ.

ದಾಕ್ಷಾಯಿಣಿ ಮೆಚ್ಚಿ ಮದುವೆಯಾದದ್ದು ಘಾಟಿಯ ಮೇಲಿನ ಪಟ್ಟಣದಲ್ಲಿ ಗ್ಯಾರೇಜ್ ಇಟ್ಟಿದ್ದ ಹುಡುಗನನ್ನು. ಹುಡುಗ ಓದಿದವನು, ಕೆಲಸ ಬಲ್ಲವನು, ಗುಣವಂತ. ಆದರೆ ವ್ಯಾಪಾರಿಗೆ ಕಂಡದ್ದು ಅವನ ಉಗುರಿನ ಸಂದಿಯ ಗ್ರೀಸ್ ಒಂದೇ. ಮದುವೆಗೆ ಹೋದ, ಧಾರೆ ಎರೆದ, ಊಟಕ್ಕೆ ಕೂರದೆ ಎದ್ದು ಬಂದ. ಆಮೇಲೆ ಬಹಳ ಕಾಲ ಅಳಿಯನ ಮನೆಯ ಹೊಸಿಲು ತುಳಿಯಲಿಲ್ಲ. ಅಳಿಯ ಎದುರಿಗೆ ಬಂದು ನಮಸ್ಕಾರ ಮಾಡಿದರೆ 'ಹೂಂ' ಎಂದು ಬೇರೆ ಕಡೆ ನೋಡುತ್ತಿದ್ದ. ಗಂಡನಿಗೂ ಅಪ್ಪನಿಗೂ ನಡುವೆ ಸಿಕ್ಕಿ ಆ ಹುಡುಗಿ ನವೆದುಹೋದಳು.

ಅವಳು ಬಸುರಿಯಾದಳು. ಸುದ್ದಿ ಕೇಳಿ ವ್ಯಾಪಾರಿಯ ಮನಸ್ಸು ಕರಗಿತು. ಕರಗಿತು, ಆದರೆ 'ನನ್ನದು ತಪ್ಪಾಯಿತು' ಅನ್ನಲು ಬಾಯಿ ಬರಲಿಲ್ಲ. ನಮ್ಮ ಕಡೆ ಯಾವ ಮಾವನಿಗೆ ಬರುತ್ತದೆ ಹೇಳು? ಅದಕ್ಕೆ ಅವನೊಂದು ದಾರಿ ಹುಡುಕಿದ. ಯಾರ ಕೈಗೂ ಕೊಡದ ಕಾರನ್ನು ಅಳಿಯನ ಕೈಗೆ ಕೊಡುವುದೆಂದು ತೀರ್ಮಾನಿಸಿದ.

ಒಂದು ದಿನ ಕಾರನ್ನು ನೇರವಾಗಿ ತಂದು ಅಳಿಯನ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಅತ್ತೆಗೆ ಏನೋ ಆಗಿರಬೇಕು ಎಂದುಕೊಂಡು ಅಳಿಯ ಕೈಯಲ್ಲಿದ್ದ ಸ್ಪ್ಯಾನರ್ ಹಿಡಿದೇ ಓಡಿ ಬಂದ.

ವ್ಯಾಪಾರಿ ಗಂಟಲು ಸರಿಮಾಡಿಕೊಂಡ. "ಅಳಿಯಂದ್ರೇ, ಅದೇನೋ ರೀಮ್ಯಾಪ್ ಅಂತ ಮಾಡ್ತೀರಂತಲ್ಲ. ನಮ್ಮ ಗಾಡಿಗೂ ಒಂದು ಮಾಡಿಕೊಡಿ."

ಷಡಕ್ಷರಿ, ರೀಮ್ಯಾಪ್ ಅಂದರೆ ಏನು ಗೊತ್ತೇ? ನನಗೂ ಗೊತ್ತಿರಲಿಲ್ಲ. ಆ ವ್ಯಾಪಾರಿಯೇ ಇಲ್ಲಿ, ಈಗ ನೀನು ಕೂತಿದ್ದೀಯಲ್ಲ, ಅಲ್ಲೇ ಕೂತು ಹೇಳಿದ. ಈಗಿನ ಎಂಜಿನ್ನಿಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದಂತೆ. ಡೀಸೆಲ್ ಎಷ್ಟು ಬಿಡಬೇಕು, ಯಾವಾಗ ಬಿಡಬೇಕು, ಟರ್ಬೊ ಎಷ್ಟು ಗಾಳಿ ಊದಬೇಕು ಎಂದು ಎಂಜಿನ್ನಿಗೆ ಹೇಳುವುದು ಅದೇ ಅಂತೆ. ಕಂಪನಿಯವರು ಆ ಲೆಕ್ಕವನ್ನು ಸ್ವಲ್ಪ ಕೈ ಬಿಗಿ ಹಿಡಿದು ಬರೆದಿರುತ್ತಾರೆ. ಬಲ್ಲವನು ಲ್ಯಾಪ್‌ಟಾಪ್ ಜೋಡಿಸಿ ಅದನ್ನು ತಿದ್ದಿ ಬರೆದರೆ, ಅದೇ ಎಂಜಿನ್ನಿನ ಎಳೆಯುವ ಬಲ ಹೆಚ್ಚುತ್ತದೆ. ಟಾರ್ಕ್ ಅನ್ನುತ್ತಾರಂತೆ ಅದಕ್ಕೆ. ನೆಟ್ಟಗೆ ಓಡಿಸಿದರೆ ಡೀಸೆಲ್ಲೂ ಉಳಿಯುತ್ತದೆ. ಅದರಲ್ಲಿ ಮೋಸವೇನೂ ಇಲ್ಲ, ಬಲ್ಲವರು ಮಾಡುವ ಕೆಲಸ.

ಆದರೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಕ್ಲಚ್ ಎಂದು ಒಂದು ತಟ್ಟೆ ಇರುತ್ತದೆ. ಎಂಜಿನ್ನಿನ ಬಲವನ್ನು ಹಿಡಿದು ಚಕ್ರದ ಕಡೆಗೆ ದಾಟಿಸುವುದು ಅದರ ಕೆಲಸ. ಬಲ ಹೆಚ್ಚಿದರೆ ಹಿಡಿತವೂ ಹೆಚ್ಚಬೇಕು. ಸವೆದ ಕ್ಲಚ್ಚಿಗೆ ಆ ಹಿಡಿತ ಇರುವುದಿಲ್ಲ, ಜಾರುತ್ತದೆ. ಜಾರಿ ಜಾರಿ ಕಾದು ಸುಟ್ಟುಹೋಗುತ್ತದೆ.

ಅಳಿಯ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿದ. ಏರಿನಲ್ಲಿ ಒಮ್ಮೆ ಒತ್ತಿದ್ದೇ ತಡ ಅವನಿಗೆ ಗೊತ್ತಾಯಿತು, ಕ್ಲಚ್ ಸವೆದಿದೆ. ಮೊದಲು ಅದನ್ನು ಬದಲಾಯಿಸಬೇಕು, ಮಿಕ್ಕದ್ದೆಲ್ಲ ಆಮೇಲೆ. ಬೇರೆ ಯಾರ ಗಾಡಿಯಾಗಿದ್ದರೂ ಮುಖಕ್ಕೆ ಹೇಳಿ ಕಳಿಸುತ್ತಿದ್ದ.

ಹೇಳಬೇಕೆಂದೇ ಹಿಂದಿರುಗಿದ. ಬಂದು ನೋಡಿದರೆ ಮಾವ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದಾನೆ! ಮದುವೆ ಮನೆಯಲ್ಲಿ ನೀರೂ ಮುಟ್ಟದವನು ಅಳಿಯನ ಲೋಟದಲ್ಲಿ ಟೀ ಕುಡಿಯುತ್ತಿದ್ದಾನೆ.

"ಹೇಗಿದೆ ನಮ್ಮ ಗಾಡಿ? ಕಬ್ಬಿಣ ಇದ್ದಂಗಿಲ್ವಾ?" ಎಂದ ಮಾವ.

ಅಳಿಯನ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಮದುವೆಯಾದಾಗಿನಿಂದ ಮಾವ ಬಾಯಿ ಬಿಟ್ಟು ಕೇಳಿದ ಮೊದಲನೆಯ ಉಪಕಾರ ಇದು. ಅದಕ್ಕೆ 'ನಿಮ್ಮ ಗಾಡಿ ತಾಳೋದಿಲ್ಲ' ಅನ್ನುವುದೇ? ಕ್ಲಚ್ ಹೊಸದು ಹಾಕಿಸಿ ಎಂದರೆ, ಸಿಕ್ಕಿದ್ದೇ ಅವಕಾಶ ಎಂದು ಮಾವನಿಂದ ಕೀಳಲು ಹೊರಟ ಎಂದುಕೊಂಡರೆ? ಮುಂದೆ ಸರ್ವಿಸಿಗೆ ಬಂದಾಗ ಸದ್ದಿಲ್ಲದೆ ತಾನೇ ಬದಲಾಯಿಸಿದರಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡ.

"ಕಬ್ಬಿಣವೇ ಮಾವ" ಎಂದ. ಲ್ಯಾಪ್‌ಟಾಪ್ ತಂದು ಜೋಡಿಸಿದ.

"ಪಾಪ, ಅವನಾದರೂ ಏನು ಮಾಡಿಯಾನು ಬುದ್ಧಿ?" ಎಂದ ಷಡಕ್ಷರಿ.

"ಪಾಪ ಅನ್ನುವುದಕ್ಕೆ ಇನ್ನೂ ಹೊತ್ತಿದೆ. ಬಾಯಿ ಮುಚ್ಚಿಕೊಂಡು ಕೇಳು" ಎಂದು ಸ್ವಾಮಿಗಳು ಮುಂದುವರಿಸಿದರು.

ಮಾರನೆಯ ವಾರ ಘಾಟಿ ಹತ್ತಿದ ವ್ಯಾಪಾರಿ ಬೆಚ್ಚಿಬಿದ್ದ. ಲಾರಿಗಳ ಹಿಂದೆ ನರಳಿಕೊಂಡು ಹತ್ತುತ್ತಿದ್ದ ಗಾಡಿ, ಕಾಲಿಟ್ಟರೆ ಸಾಕು ಚಿಮ್ಮುತ್ತಿದೆ! ಗೇರ್ ಇಳಿಸಬೇಕಾದ ಕಡೆ ಇಳಿಸಲೇ ಇಲ್ಲ. "ಅಯ್ಯೋ ಶಿವನೇ, ಇಷ್ಟು ಶಕ್ತಿ ಇಷ್ಟು ದಿನ ಎಲ್ಲಿ ಅಡಗಿ ಕೂತಿತ್ತು!" ಎಂದು ಒಬ್ಬನೇ ಕೂಗಿಕೊಂಡನಂತೆ. ತಿಂಗಳು ಕಳೆಯುವಷ್ಟರಲ್ಲಿ ಡೀಸೆಲ್ಲೂ ಉಳಿದದ್ದು ಕಂಡಿತು. ಮಂಡಿಯಲ್ಲಿ ಕೂತು ಸಿಕ್ಕಸಿಕ್ಕವರಿಗೆಲ್ಲ "ನಮ್ಮ ಅಳಿಯಂದ್ರ ಕೈಗುಣ ಕಣ್ರೀ" ಎಂದು ಹೇಳಿದ. ಕೇಳಿದವರು ಕಕ್ಕಾಬಿಕ್ಕಿಯಾದರು. ಆ ಬಾಯಲ್ಲಿ 'ನಮ್ಮ ಅಳಿಯಂದ್ರು' ಎಂಬ ಮಾತನ್ನು ಅವರು ಅದುವರೆಗೆ ಕೇಳಿರಲಿಲ್ಲ. ದಾಕ್ಷಾಯಿಣಿಗೆ ತಾಯಿ ಫೋನ್ ಮಾಡಿ ಇದನ್ನು ತಿಳಿಸಿದಾಗ ತಾಯಿ ಮಗಳು ಇಬ್ಬರೂ ಫೋನ್ ಹಿಡಿದುಕೊಂಡೇ ಅತ್ತರು.

ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆತಂದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಮೇಲಿನ ಪಟ್ಟಣದ ಆಸ್ಪತ್ರೆಗೆ ತೋರಿಸಲು ವ್ಯಾಪಾರಿಯೇ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬರುತ್ತಿದ್ದ. ಹೋದಾಗಲೆಲ್ಲ ಅಳಿಯನ ಮನೆಯಲ್ಲಿ ಊಟ ಮಾಡುತ್ತಿದ್ದ. ಇಬ್ಬರೂ ಒಂದೇ ಎಲೆಯಡಿಕೆ ತಟ್ಟೆಗೆ ಕೈ ಹಾಕುತ್ತಿದ್ದರು. ಆ ಮನೆ ಅಷ್ಟು ನಗುನಗುತ್ತಾ ಇದ್ದದ್ದು ಅದೇ ಮೊದಲು.

ಅಷ್ಟು ಹೊತ್ತಿಗೆ ವಾಸನೆ ಶುರುವಾಗಿತ್ತು. ಘಾಟಿಯ ಕಡಿದಾದ ತಿರುವುಗಳಲ್ಲಿ ಏನೋ ಸುಟ್ಟ ವಾಸನೆ. ಎಂಜಿನ್ ಜೋರಾಗಿ ಕೂಗುತ್ತಿತ್ತು, ಆ ಕೂಗಿಗೆ ತಕ್ಕ ಓಟ ಗಾಡಿಗೆ ಇರಲಿಲ್ಲ. ಸ್ಟೇರಿಂಗ್ ಹಿಡಿದೇ ತಲೆ ನರೆತ ಮನುಷ್ಯ, ಇದು ಸರಿಯಿಲ್ಲ ಎಂದು ಅವನಿಗೆ ತಿಳಿಯದೇ? ತಿಳಿಯಿತು. ಅಳಿಯನಿಗೆ ಹೇಳೋಣವೆಂದು ಫೋನ್ ಎತ್ತಿಕೊಂಡ. ಎತ್ತಿಕೊಂಡವನು ಕೆಳಗಿಟ್ಟ. 'ನೀವು ಮಾಡಿದ ಕೆಲಸ ಕೆಟ್ಟಿದೆ' ಎಂದ ಹಾಗಾಗುತ್ತದಲ್ಲ! ಅಷ್ಟು ಕಾಲ ಮುಖ ತಿರುಗಿಸಿಕೊಂಡಿದ್ದವನು, ಈಗ ಎಲ್ಲ ಸರಿಹೋಗಿರುವಾಗ, ಹುಡುಗನ ಕೈಕೆಲಸದಲ್ಲೇ ಹುಳುಕು ಹುಡುಕುವುದೇ? ಬೇರೆ ಗ್ಯಾರೇಜಿನಲ್ಲಿ ತೋರಿಸಿದರೆ ಅದು ಇನ್ನೂ ದೊಡ್ಡ ಅವಮಾನ. ಹೆರಿಗೆಯೊಂದು ಮುಗಿಯಲಿ, ಆಮೇಲೆ ಮೆಲ್ಲಗೆ ಮಾತು ತೆಗೆದರಾಯಿತು ಎಂದು ಸುಮ್ಮನಾದ.

ಅತ್ತ ಅಳಿಯನಿಗೂ ಒಳಗೇ ಕೊರೆಯುತ್ತಿತ್ತು. ಮಾತಿಗೆ ಸಿಕ್ಕಾಗಲೆಲ್ಲ "ಗಾಡಿ ಹೇಗಿದೆ ಮಾವ?" ಎಂದು ಕೇಳುವನು. "ಹೂವಿನಂಗೆ ಹೋಗ್ತದೆ" ಎಂದು ಮಾವ ಹೇಳುವನು. ಒಮ್ಮೆ ಅಳಿಯ ಧೈರ್ಯ ಮಾಡಿ, "ಒಂದು ಸಲ ಬಿಟ್ಟು ಹೋಗಿ ಮಾವ, ನೋಡಿಬಿಡ್ತೀನಿ" ಎಂದ. "ನೀವು ಮಾಡಿದ ಕೆಲಸದಲ್ಲಿ ನೋಡೋದೇನಿದೆ, ಬಿಡಿ!" ಎಂದು ಮಾವ ಬೆನ್ನು ತಟ್ಟಿದ. ಅಳಿಯನಿಗೆ ಒಳಗೊಳಗೇ ಸಮಾಧಾನವೂ ಆಯಿತು. ಮಾವನೇ ಹೂವಿನಂತಿದೆ ಎಂದ ಮೇಲೆ ತಾನು ಅಂದುಕೊಂಡದ್ದೇ ತಪ್ಪಿರಬೇಕು ಎಂದುಕೊಂಡ.

ದಿನ ತುಂಬುವ ಮೊದಲೇ ದಾಕ್ಷಾಯಿಣಿಗೆ ನೋವು ಶುರುವಾಯಿತು. ಬೆಳಗಿನ ತಿಂಡಿಯ ಹೊತ್ತು. ಪೇಟೆಯ ಸಣ್ಣ ಆಸ್ಪತ್ರೆಗೆ ಕರೆದೊಯ್ದರು. ನರ್ಸಮ್ಮ ಹೊಟ್ಟೆ ಮುಟ್ಟಿ ನೋಡಿದವಳೇ ಬಣ್ಣಗೆಟ್ಟಳು. "ಮಗು ಅಡ್ಡ ಮಲಗಿದೆ. ಆಪರೇಷನ್ ಆಗಬೇಕು, ಇಲ್ಲಾಗಲ್ಲ. ಈಗಿಂದೀಗ್ಲೇ ಮೇಲಕ್ಕೆ ಕರ್ಕೊಂಡು ಹೋಗಿ. ತಡವಾದ್ರೆ ಮಗು ಉಳಿಯಲ್ಲ" ಎಂದಳು. ಆಂಬುಲೆನ್ಸ್ ಪಕ್ಕದ ಹಳ್ಳಿಗೆ ಹೋಗಿತ್ತು, ಬರುವ ದಾರಿಯಲ್ಲಿತ್ತು. ಸ್ವಲ್ಪ ಕಾಯಿರಿ ಎಂದರು.

"ಅದ್ಯಾಕೆ ಕಾಯಬೇಕು? ನನ್ನ ಗಾಡಿಯಷ್ಟು ಬೇಗ ನಿಮ್ಮ ಆಂಬುಲೆನ್ಸು ಘಾಟಿ ಹತ್ತುತ್ತಾ?" ಎಂದ ವ್ಯಾಪಾರಿ.

ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಾಯಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ವ್ಯಾಪಾರಿ ಅಳಿಯನಿಗೆ ಫೋನ್ ಮಾಡಿ, "ನಮ್ಮ ಗಾಡೀಲೇ ಹೊರಟೆ ಅಳಿಯಂದ್ರೇ, ಆಸ್ಪತ್ರೆ ಬಾಗಿಲಲ್ಲಿ ನಿಂತಿರಿ" ಎಂದ.

ಆ ಕ್ಷಣದಲ್ಲಿ ಅಳಿಯನ ಕಣ್ಣ ಮುಂದೆ ಆ ಕ್ಲಚ್ ಬಂತಂತೆ. 'ಮಾವ, ಆ ಗಾಡಿ ಬೇಡ' ಎಂಬ ಮಾತು ಬಾಯಿಗೂ ಬಂತಂತೆ. ಈಗ ಹೇಳಿದರೆ 'ಗೊತ್ತಿದ್ದೂ ಇಷ್ಟು ದಿನ ಯಾಕೆ ಹೇಳಲಿಲ್ಲ' ಅನ್ನುವುದಿಲ್ಲವೇ?

"ಹುಷಾರು ಮಾವ" ಎಂದನಂತೆ.

ಇಲ್ಲಿಗೆ ಬಂದಾಗ ಸ್ವಾಮಿಗಳು ತೊಡೆಗೆ ಕೈ ಬಡಿದರು. "ಹುಷಾರು ಅಂದನಂತೆ ಕಣೋ! ಹೆಂಡತಿ, ಹುಟ್ಟಬೇಕಾದ ಮಗು ಆ ಗಾಡಿಯಲ್ಲಿ ಇದ್ದಾರೆ, ಬಾಯಲ್ಲಿ ಬಂದದ್ದು ಇದೊಂದು ಮಾತು! ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ."

ಮತ್ತೆ ಕತೆಗೆ ಬಂದರು.

ಗಾಡಿ ಘಾಟಿಯ ಅರ್ಧದವರೆಗೆ ಗಾಳಿಯ ಹಾಗೆ ಹತ್ತಿತು. ಮಗಳು ಒಮ್ಮೆ ನರಳಿದರೆ ಇವನು ಇನ್ನೊಂದಿಷ್ಟು ಒತ್ತುತ್ತಿದ್ದ. ಒಂದು ಕಡಿದಾದ ತಿರುವಿನಲ್ಲಿ ಎಂಜಿನ್ ಇದ್ದಕ್ಕಿದ್ದ ಹಾಗೆ ಕಿರುಚಿಕೊಂಡಿತು. ಗಾಡಿ 'ಓಡುತ್ತೇನೆ' ಎಂದು ಕೂಗುತ್ತಿದೆ, ಚಕ್ರ ತಿರುಗುತ್ತಿಲ್ಲ! ವ್ಯಾಪಾರಿ ಇನ್ನೂ ಒತ್ತಿದ. ಕೂಗು ಜೋರಾಯಿತು, ಗಾಡಿ ನಿಂತಿತು. ಬಾನೆಟ್ಟಿನ ಕೆಳಗಿಂದ ಹೊಗೆ ಎದ್ದಿತು. ಉಸಿರಾಡಲಾಗದಂಥ ಸುಟ್ಟ ವಾಸನೆ. ಗಾಡಿ ಹಿಂದಕ್ಕೆ ಜಾರಲು ಶುರುಮಾಡಿತು. ಹ್ಯಾಂಡ್ ಬ್ರೇಕ್ ಎಳೆದ. ಹೆಂಡತಿ ಬಾಗಿಲು ತೆಗೆದು ಇಳಿದು ಬರಿಗೈಯಲ್ಲಿ ಕಲ್ಲು ಎತ್ತಿ ತಂದು ಚಕ್ರಕ್ಕೆ ಕೊಟ್ಟಳು.

"ಇಷ್ಟು ಶಕ್ತಿ ಇತ್ತಲ್ಲೇ, ಎಲ್ಲಿ ಹೋಯ್ತೇ!" ಎಂದು ವ್ಯಾಪಾರಿ ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡ. ಶಕ್ತಿ ಎಲ್ಲಿಗೂ ಹೋಗಿರಲಿಲ್ಲ. ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿ ಗುಡುಗುತ್ತಿತ್ತು. ನಡುವಿನ ತಟ್ಟೆ ಸುಟ್ಟುಹೋಗಿತ್ತು ಅಷ್ಟೆ.

ಆ ತಿರುವಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಮೇಲಿನಿಂದ ಇಳಿಯುವ ಒಂದೆರಡು ಗಾಡಿಗಳು ಹೋದವು, ಆ ಇಕ್ಕಟ್ಟಿನಲ್ಲಿ ತಿರುಗಿಸಲು ಅವಕ್ಕೆ ಜಾಗವಿರಲಿಲ್ಲ. ಕೊನೆಗೆ ಕೆಳಗಿನಿಂದ ಈರುಳ್ಳಿ ತುಂಬಿದ ಟೆಂಪೊ ಬಂತು. ಅದರವನು ಪುಣ್ಯಾತ್ಮ, ಒಂದು ಮಾತೂ ಕೇಳದೆ ಮೂಟೆಗಳನ್ನು ರಸ್ತೆಯ ಪಕ್ಕಕ್ಕೆ ತಳ್ಳಿ ಜಾಗ ಮಾಡಿದ. ದಾಕ್ಷಾಯಿಣಿಯನ್ನು ಗೋಣಿಯ ಮೇಲೆ ಮಲಗಿಸಿದರು. ಟೆಂಪೊ ತನ್ನ ಕೈಲಾದಷ್ಟು ವೇಗದಲ್ಲಿ ಹತ್ತಿತು. ಇವರು ಪೇಟೆ ಬಿಟ್ಟ ಸ್ವಲ್ಪ ಹೊತ್ತಿಗೇ ಆಂಬುಲೆನ್ಸ್ ಬಂದು ಆಸ್ಪತ್ರೆಯ ಮುಂದೆ ನಿಂತಿತ್ತು ಎಂದು ಆಮೇಲೆ ತಿಳಿಯಿತು.

ಮೇಲಿನ ಆಸ್ಪತ್ರೆಯ ಬಾಗಿಲಲ್ಲಿ ಅಳಿಯ ನಿಂತಿದ್ದ. ಅವನ ಕಣ್ಣು ಮಾವನ ಕಾರನ್ನು ಹುಡುಕುತ್ತಿತ್ತು. ಟೆಂಪೊದಿಂದ ಹೆಂಡತಿಯನ್ನು ಇಳಿಸುವುದನ್ನು ನೋಡಿದ. ಗರ ಬಡಿದವನಂತೆ ನಿಂತುಬಿಟ್ಟ. ಏನಾಯಿತು ಎಂದು ಅವನು ಯಾರನ್ನೂ ಕೇಳಲಿಲ್ಲ.

ತಾಯಿಯನ್ನು ಉಳಿಸಿದರು. ಮಗು ಉಳಿಯಲಿಲ್ಲ. ಹೆಣ್ಣು ಮಗು. ಮೈ ಕೈ ತುಂಬಿಕೊಂಡ ಮಗು, ಅಳಲೇ ಇಲ್ಲ. ಇನ್ನೊಂದಿಷ್ಟು ಮೊದಲು ಬಂದಿದ್ದರೆ ಎಂದು ಡಾಕ್ಟರಮ್ಮ ಹೇಳಹೊರಟು, ಇವರ ಮುಖಗಳನ್ನು ನೋಡಿ ಮಾತು ನಿಲ್ಲಿಸಿದಳು.

ವ್ಯಾಪಾರಿ ಓಲಾಡುತ್ತಾ ಅಳಿಯನ ಹತ್ತಿರ ಹೋದ. ಎಲ್ಲರೆದುರಿಗೆ ಅವನ ಕಾಲು ಹಿಡಿಯಲು ಬಗ್ಗಿದ. "ನನ್ನನ್ನ ಹೊಡೀರಿ ಅಳಿಯಂದ್ರೇ. ಗಾಡೀಲಿ ವಾಸನೆ ಬರ್ತಿತ್ತು. ನನಗೆ ಗೊತ್ತಿತ್ತು. ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ಹೇಳಲಿಲ್ಲ."

ಅಳಿಯ ಅವನನ್ನು ಎತ್ತಲು ಹೋದವನು ತಾನೇ ಕುಸಿದು ನೆಲದ ಮೇಲೆ ಕೂತ. "ನನಗೆ ಮೊದಲನೇ ದಿನವೇ ಗೊತ್ತಿತ್ತು ಮಾವ. ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ನಾನೂ ಹೇಳಲಿಲ್ಲ."

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಅಂಥ ನೋಟ ಯಾರಿಗೂ ಬೇಡ. ಅಷ್ಟು ಹೊತ್ತೂ ಒಬ್ಬೊಬ್ಬನೂ ತಾನೊಬ್ಬನೇ ಪಾಪಿ ಎಂದುಕೊಂಡಿದ್ದ. ಪಕ್ಕದಲ್ಲಿ ನಿಂತಿದ್ದ ದಾಕ್ಷಾಯಿಣಿಯ ತಾಯಿ, "ಅಯ್ಯೋ ನಿಮ್ಮ! ಇಬ್ಬರಿಗೂ ಗೊತ್ತಿತ್ತೇ? ಗೊತ್ತಿದ್ದೂ ನನ್ನ ಮಗಳನ್ನ ಅದರಲ್ಲಿ ಹತ್ತಿಸಿದ್ರೇ?" ಎಂದು ಎದೆ ಎದೆ ಬಡಿದುಕೊಂಡಳು. ಆ ಆಸ್ಪತ್ರೆಯ ಪಡಸಾಲೆಯಲ್ಲಿ ಅವಳನ್ನು ಸಮಾಧಾನ ಮಾಡುವವರು ಯಾರೂ ಇರಲಿಲ್ಲ.

ದಾಕ್ಷಾಯಿಣಿಗೆ ಎಚ್ಚರವಾದ ಮೇಲೆ ಗಂಡಸರಿಬ್ಬರೂ ಅವಳ ಮಂಚದ ಹತ್ತಿರ ಹೋದರು. ಇಬ್ಬರೂ ನಡೆದದ್ದನ್ನೆಲ್ಲ ಹೇಳಿ ಕೈಮುಗಿದು ನಿಂತರು. ಅವಳು ಅಳುತ್ತಾಳೆ, ಬೈಯುತ್ತಾಳೆ, ಇನ್ನು ನಿಮ್ಮಿಬ್ಬರ ಮುಖವನ್ನೂ ನೋಡುವುದಿಲ್ಲ ಅನ್ನುತ್ತಾಳೆ ಎಂದು ಕಾದರು.

ಅವಳು ಅಪ್ಪನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ಅಪ್ಪ, ಆಸ್ಪತ್ರೆಗೆ ತೋರಿಸೋಕೆ ಬರುವಾಗೆಲ್ಲ ಆ ವಾಸನೆ ನನಗೂ ಬರ್ತಿತ್ತು" ಎಂದಳು. "ಇವರು ಗ್ಯಾರೇಜಿಂದ ಬಂದಾಗ ಅಂಗಿಯಲ್ಲಿ ಎಷ್ಟು ಸಲ ಬಂದಿಲ್ಲ ಅದು? ಕ್ಲಚ್ ಸುಟ್ಟ ವಾಸನೆ ಅಂತ ನನಗೆ ಗೊತ್ತಾಗಿತ್ತು. ನಿಮಗೆ ಹೇಳಿದ್ರೆ ಇವರ ಕೆಲಸ ಕೆಟ್ಟದ್ದು ಅಂದಂಗೆ. ಇವರಿಗೆ ಹೇಳಿದ್ರೆ ನಿಮ್ಮ ಮೇಲೆ ದೂರು ಹೇಳಿದಂಗೆ. ಈಗ ತಾನೇ ಒಂದಾಗಿದ್ದೀರಿ, ನನ್ನಿಂದ ಯಾಕೆ ಕೆಡಬೇಕು ಅಂತ ಸುಮ್ಮನಿದ್ದೆ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ಸ್ವಾಮಿಗಳ ಧ್ವನಿ ಒಡೆದಿತ್ತು. ಕಾವಿಯ ಸೆರಗಿನಿಂದ ಕಣ್ಣೊರೆಸಿಕೊಂಡರು. ಒರೆಸಿಕೊಂಡದ್ದಕ್ಕೆ ತಮ್ಮ ಮೇಲೇ ಸಿಟ್ಟು ಬಂದವರಂತೆ ಗದರಿದರು.

"ಮೂರು ಜನ ಕಣೋ! ಮೂರು ಜನಕ್ಕೂ ಗೊತ್ತಿತ್ತು! ಅವರಲ್ಲಿ ಕೆಟ್ಟವರು ಯಾರಿದ್ದರು ತೋರಿಸು ನೋಡೋಣ. ಒಬ್ಬೊಬ್ಬರೂ ಇನ್ನೊಬ್ಬರ ಮನಸ್ಸು ಕಾಯುತ್ತಾ ಕೂತರು. ಆ ಮನೆಯಲ್ಲಿ ಒಬ್ಬನಾದರೂ ಒರಟ ಇದ್ದಿದ್ದರೆ, ಬಾಯಿಗೆ ಬಂದದ್ದನ್ನು ಮುಖಕ್ಕೆ ಬಡಿದ ಹಾಗೆ ಹೇಳುವ ಒಬ್ಬ ಮೂರ್ಖನಾದರೂ ಇದ್ದಿದ್ದರೆ, ಆ ಕೂಸು ಇವತ್ತು ಈ ಜಗಲಿಯ ಮೇಲೆ ಓಡಾಡುತ್ತಿತ್ತು. ಆ ವ್ಯಾಪಾರಿ ಇಲ್ಲಿ ಕೂತು 'ಬುದ್ಧಿ, ನಾನು ಮರ್ಯಾದೆ ಕೊಟ್ಟೆ, ಅಷ್ಟೇ ಅಲ್ಲವೇ ನಾನು ಮಾಡಿದ್ದು?' ಎಂದು ಕೇಳಿದ. ಅವನ ಜೊತೆ ಕೂತು ಅತ್ತೆ."

ಷಡಕ್ಷರಿಯ ಮುಖ ಬಿಳಿಚಿಕೊಂಡಿತ್ತು. ಅವನು ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿಕೊಂಡ.

"ಆ ಮೂವರಲ್ಲಿ ಹೆಚ್ಚಿನ ತಪ್ಪು ಯಾರದು ಬುದ್ಧಿ?" ಎಂದು ತೊದಲಿದ.

ಸ್ವಾಮಿಗಳು ಶಿಷ್ಯನ ಮುಖವನ್ನೇ ನೋಡುತ್ತಾ, ಅವನು ಎಂದೂ ಕೇಳದಷ್ಟು ಮೆತ್ತಗಿನ ಧ್ವನಿಯಲ್ಲಿ ಹೇಳಿದರು:

"ಮೊನ್ನೆ ಆಸ್ಪತ್ರೆಯಲ್ಲಿ ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನನಗಿನ್ನೆಷ್ಟು ದಿನ ಎಂದು ಡಾಕ್ಟರು ನಿನ್ನೊಬ್ಬನಿಗೇ ಹೇಳಿದರಲ್ಲ, ಅದನ್ನು ಈಗ ಹೇಳು."